ಕಾಣೆಯಾಗುವ ಭಾನುವಾರ

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ತಾಯಿಗೆ ದೂರವನ್ನು ಕಿಲೋಮೀಟರಿನಲ್ಲಿ ಹೇಳಿ ಪ್ರಯೋಜನವಿಲ್ಲ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ಹಾರಿದರೆ ಸುಮಾರು 14,000 ಕಿಲೋಮೀಟರ್ ಎಂದು ನಾನು ಗಂಭೀರವಾಗಿ ಸಾರಿದಾಗ, ನನ್ನವಳು ಸಾರಿನ ಪುಡಿಯ ಪೊಟ್ಟಣಕ್ಕೆ ಎರಡನೇ ಪ್ಲಾಸ್ಟಿಕ್ ಚೀಲ ತೊಡಿಸುತ್ತಾ, ‘ಅದಿರಲಿ, ಎಷ್ಟು ಹೊತ್ತಿಗೆ ತಲುಪ್ತೀವಿ?’ ಅಂದಳು.

‘ಮಧ್ಯಾಹ್ನ ಎರಡೂವರೆಗೆ ಹೊರಟರೆ ಅದೇ ದಿನ ಸಂಜೆ ಐದಕ್ಕೆ.’

‘ಅಷ್ಟೇನಾ? ಮೈಸೂರಿಗೂ ಅಷ್ಟೇ ಹೊತ್ತು ಬೇಕಲ್ರೀ!’

ನಡುವೆ 16 ಗಂಟೆ ಕೂತಲ್ಲೇ ಕೂತಿರಬೇಕು, ಚಳಿಗಾಲದಲ್ಲಿ ಆ ಊರಿನ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ ಎಂದೆಲ್ಲ ವಿವರಿಸುವಷ್ಟರಲ್ಲಿ ಸುದ್ದಿ ಎದುರುಮನೆ ಮುಟ್ಟಿತ್ತು. ಅಲ್ಲಿಂದ ನಿವೃತ್ತ ಭೂಗೋಳದ ಮೇಷ್ಟ್ರು ಗೋಳ ಹಿಡಿದುಕೊಂಡೇ ಬಂದರು. ಹೂ ಕಟ್ಟುವ ದಾರ ಇಸಿದುಕೊಂಡು, ಒಂದು ತುದಿಯನ್ನು ಬೆಂಗಳೂರಿನ ಮೇಲೂ ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲೂ ಒತ್ತಿ ಬಿಗಿಯಾಗಿ ಎಳೆದರು. ದಾರ ಅರಬ್ಬೀ ಸಮುದ್ರದ ಕಡೆ ಸುಳಿಯಲೇ ಇಲ್ಲ. ಸರ್ರನೆ ಮೇಲಕ್ಕೆ ಜಾರಿ ಉತ್ತರ ಧ್ರುವದ ಪಕ್ಕ ಕೂತಿತು.

‘ನಮ್ಮದು ಪೂರ್ವ ರೇಖಾಂಶ 77, ಅವರದು ಪಶ್ಚಿಮ 122. ಎರಡೂ ಊರು ಭೂಮಿಯ ಬೆನ್ನಿಗೆ ಬೆನ್ನು ಹಚ್ಚಿ ಕೂತಿವೆ. ಹತ್ತಿರದ ದಾರಿ ನೆತ್ತಿಯ ಮೇಲೇ ಹೋಗಬೇಕು,’ ಎಂದರು ಮೇಷ್ಟ್ರು.

ನನ್ನವಳ ಚಿಂತೆ ಬೇರೆ. ‘ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಅಂತಾರೆ. ವಿಮಾನವೇ ಉತ್ತರಕ್ಕೆ ಹೊರಟರೆ ಹೇಗೆ ಮಲಗೋದು?’

‘ಧ್ರುವದ ಮೇಲೆ ಎಲ್ಲ ದಿಕ್ಕೂ ದಕ್ಷಿಣವೇ ತಾಯಿ. ಅಲ್ಲಿ ಹೇಗೆ ಮಲಗಿದರೂ ದೋಷವಿಲ್ಲ!’

ಆದರೆ ಪೈಲಟ್ಟುಗಳಿಗೆ ದಾರಕ್ಕಿಂತ ಗಾಳಿ ಮುಖ್ಯ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಗಾಳಿ ಬೆನ್ನಿಗೆ ಸಿಗುವಂತಿದ್ದರೆ ಪೆಸಿಫಿಕ್ ಮೇಲೆ ಬಳಸಿಕೊಂಡು ಹೋಗುವುದೇ ಲಾಭ. ದೂರ ಹೆಚ್ಚಿದರೂ ಹೊತ್ತು ಉಳಿಯುತ್ತದೆ, ಇಂಧನವೂ ಉಳಿಯುತ್ತದೆ.

ಹೋಗುವಾಗ ಗಡಿಯಾರದ ಲೆಕ್ಕದಲ್ಲಿ ಪುಕ್ಕಟೆ ಸಿಕ್ಕ ಹೊತ್ತನ್ನು ಬರುವಾಗ ಬಡ್ಡಿ ಸಮೇತ ವಸೂಲಿ ಮಾಡುತ್ತಾರೆ. 2021ರ ಜನವರಿ 9ರ ರಾತ್ರಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಗಿನ ಮಹಿಳಾ ಪೈಲಟ್ಟುಗಳು ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಡಿಸಿ, ಧ್ರುವದ ಮೇಲೆ ಹಾರಿಸಿ ತಂದರು. ಅದು ಬೆಂಗಳೂರಿನಲ್ಲಿ ಇಳಿದದ್ದು 11ರ ಬೆಳಗಿನ ಜಾವ. ಹಾರಾಟ 17 ಗಂಟೆಯ ಆಸುಪಾಸು. ಆದರೆ 10ನೇ ತಾರೀಕು, ಅದೂ ಭಾನುವಾರ, ಇಡಿಯಾಗಿ ಆಕಾಶದ ಪಾಲಾಯಿತು.

ಈ ಲೆಕ್ಕ ಕೇಳಿದ ಮೇಲೆ ನನ್ನವಳು ವಾಪಸು ಟಿಕೆಟ್ಟಿನ ಉಸ್ತುವಾರಿಯನ್ನು ತಾನೇ ವಹಿಸಿಕೊಂಡಳು. ಅವಳ ತೀರ್ಪನ್ನು ನಿಮಗೂ ದಾಟಿಸುತ್ತೇನೆ: ಅಮೆರಿಕದಿಂದ ಶನಿವಾರ ರಾತ್ರಿ ಹೊರಡಬೇಡಿ, ಭಾನುವಾರ ಸಿಗುವುದಿಲ್ಲ. ಸೋಮವಾರ ರಾತ್ರಿ ಹೊರಟು ಬುಧವಾರ ಇಳಿಯಿರಿ. ಮಂಗಳವಾರ ಹೇಗೂ ಕ್ಷೌರಕ್ಕೂ ಆಗದ ದಿನ. ಕಳೆದರೆ ಯಾರಿಗೂ ನಷ್ಟವಿಲ್ಲ.