ಟ್ಯಾಲಿಯಾಗದ ಉಪ್ಪರಿಗೆ

ಏಪ್ರಿಲ್ ತಿಂಗಳಲ್ಲಿ ಮಣಿಪಾಲದ ನಮ್ಮ ರಾಯರ ಮನೆಗೆ ಹೋದರೆ ಬೆಲ್ಲ ನೀರು ಬರುವ ಮೊದಲೇ ಅಂಕಿ ಬರುತ್ತದೆ. "ಕೆಳಗೆ 31, ಮೇಲೆ 34. ಮೂರು ಡಿಗ್ರಿ ಡಿಫರೆನ್ಸ್ ಉಂಟು ಮಾರಾಯ್ರೆ!" ಕ್ಯಾಷಿನಲ್ಲಿ ಮೂರು ಸಾವಿರ ಕಡಿಮೆ ಬಂದವರ ಮುಖ.

ಇಂಥವರು ಉಡುಪಿಯಿಂದ ಕಾರ್ಕಳದವರೆಗೆ ಪ್ರತಿ ಬಡಾವಣೆಗೂ ಒಬ್ಬರಂತೆ ಇದ್ದಾರೆ. ಮುಂಬಯಿಯಲ್ಲೋ ದುಬಾಯಿಯಲ್ಲೋ ದುಡಿದು, ಹಿರಿಯರ ಹಂಚಿನ ಮನೆ ಕೆಡವಿ, ಅದೇ ಜಾಗದಲ್ಲಿ ಎರಡಂತಸ್ತಿನ ಆರ್‌ಸಿಸಿ ಮನೆ ಎಬ್ಬಿಸಿ, ಮೊದಲ ಬೇಸಿಗೆಗೇ ಚಾಪೆ ದಿಂಬು ಸಮೇತ ಉಪ್ಪರಿಗೆಯಿಂದ ಕೆಳಗಿಳಿದವರು.

ನಮ್ಮ ರಾಯರು ಬ್ಯಾಂಕಿನಿಂದ ನಿವೃತ್ತರು. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು ಹುಟ್ಟಿದ ಊರು ಪಕ್ಕದ ಉಡುಪಿ. ರಥಬೀದಿಯಲ್ಲಿ ನಿಂತು "ಮ್ಯಾನೇಜರೇ" ಎಂದರೆ ಹತ್ತು ತಲೆ ತಿರುಗುತ್ತವೆ. ಆದರೆ ಸೆಖೆಗೆ ಲೆಡ್ಜರ್ ಬರೆಯುವವರು ಇವರೊಬ್ಬರೇ. ಎಡಪುಟ ಕೆಳಗಿನದು, ಬಲಪುಟ ಮೇಲಿನದು. ಬೆಳಿಗ್ಗೆ ಆರು, ಮಧ್ಯಾಹ್ನ ಮೂರು, ರಾತ್ರಿ ಹನ್ನೊಂದು. ಎರಡೂ ಪುಟ ಟ್ಯಾಲಿಯಾಗದೆ ನಿದ್ದೆ ಇಲ್ಲ. ಸೆಖೆಗೆ ಹೇಗೂ ನಿದ್ದೆ ಇಲ್ಲವಾದ್ದರಿಂದ ನಷ್ಟವೂ ಇಲ್ಲ.

ಕಾರಣವನ್ನು ಮಾತ್ರ ಅವರು ಸರಿಯಾಗಿಯೇ ಹಿಡಿದಿದ್ದಾರೆ. "ಬಿಸಿ ಗಾಳಿ ಮೇಲೆ ಹೋಗ್ತದೆ ಅಂತ ಎಲ್ಲರೂ ಹೇಳ್ತಾರೆ. ಅದು ಚಿಲ್ಲರೆ. ದೊಡ್ಡ ಕಳ್ಳ ತಲೆ ಮೇಲಿನ ಸ್ಲ್ಯಾಬು. ಅದು ಪಿಗ್ಮಿ ಏಜೆಂಟ್!" 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಶುರು ಮಾಡಿದ ಪಿಗ್ಮಿಯಲ್ಲಿ ಏಜೆಂಟರು ದಿನವೂ ಮನೆ ಮನೆಯಿಂದ ಚಿಲ್ಲರೆ ಒಟ್ಟು ಮಾಡಿದಂತೆ, ಕಾಂಕ್ರೀಟು ಬೆಳಗಿನಿಂದ ಬಿಸಿಲನ್ನು ಚೂರುಚೂರೇ ಜಮಾ ಮಾಡಿಕೊಳ್ಳುತ್ತದೆ. ರಾತ್ರಿ ಹೊರಗೆ ತಂಪಾಗುವ ಹೊತ್ತಿಗೆ ಡಿಪಾಸಿಟ್ ಮೆಚ್ಯೂರ್. ಮಂಚದ ಮೇಲೆ ಮಲಗಿದವನಿಗೆ ಬಡ್ಡಿ ಸಮೇತ ಪಾವತಿ.

ರೋಗ ತಿಳಿದವರು ಮದ್ದಿನಲ್ಲಿ ದಾರಿ ತಪ್ಪಿದರು. ಮೊದಲು ತಾರಸಿಗೆ ದಿನಕ್ಕೆರಡು ಸಲ ನೀರು. ಬಾವಿಯ ತಳ ಕಂಡಿತು. ಆಮೇಲೆ ತೆಂಗಿನ ಮಡಲು ಹೊದಿಸಿದರು; ತಂಪಾದದ್ದು ಚೇಳಿಗೆ. ಸುಣ್ಣ ಬಳಿದದ್ದು ನಿಜವಾಗಿ ಕೆಲಸ ಮಾಡಿತು, ಮಳೆಗಾಲ ಬರುವವರೆಗೆ. ಮರುವರ್ಷ ಮೇಲಿನ ಕೋಣೆಗೆ ಎಸಿ ಬಂತು. ಬಾಗಿಲು ತೆರೆದಿಟ್ಟರೆ ಇಡೀ ಉಪ್ಪರಿಗೆಗೆ ತಂಪು "ಟ್ರಾನ್ಸ್‌ಫರ್" ಆಗುತ್ತದೆಂದು ರಾಯರ ಲೆಕ್ಕ. ತಣ್ಣನೆ ಗಾಳಿ ಭಾರ. ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕೊನೆಯ ಮೆಟ್ಟಿಲ ಬುಡದಲ್ಲಿ ಮಲಗಿದ್ದ ನಾಯಿಯ ಹತ್ತಿರ ತಂಗಿತು. ಮೆಸ್ಕಾಂ ಬಿಲ್ಲು ನೋಡಿದ ರಾಯರ ಹೆಂಡತಿ, "ನಾಯಿಗೆ ಒಂದು ಶಾಲೂ ತನ್ನಿ" ಎಂದರು.

ಕೊನೆಗೆ ಎಲ್ಲರಂತೆ ತಾರಸಿಯ ಮೇಲೆ ಶೀಟ್ ಹಾಕಿಸಿದರು. ನಾಲ್ಕೂ ಕಡೆ ತೆರೆದಿದ್ದರೆ ಶೀಟು ಬಿಸಿಲನ್ನು ತಾನು ತಿಂದು, ಅಡಿಯ ಗಾಳಿ ಸೆಖೆಯನ್ನು ಹೊತ್ತೊಯ್ಯುತ್ತದೆ. ಊರಿನ ಯಾವ ಮೇಸ್ತ್ರಿಗೂ ಗೊತ್ತು. ರಾಯರು ಕಾಗೆ ಬರುತ್ತದೆಂದು ನಾಲ್ಕೂ ಕಡೆ ಮುಚ್ಚಿಸಿದರು. ಈಗ ಅಲ್ಲಿ ತೆಂಗಿನಕಾಯಿ ಒಡೆದಿಟ್ಟರೆ ತಾನಾಗಿ ಕೊಬ್ಬರಿಯಾಗುತ್ತದೆ.

ಕಾಪುವಿನಲ್ಲಿ ಅವರ ಅಕ್ಕನ ಮನೆ. ಹಳೆಯದು, ಮುರಕಲ್ಲಿನ ಗೋಡೆ, ಹಂಚಿನ ಮಾಡು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ಕರಾವಳಿಗೆ ಕೊಟ್ಟ ಆ ಹಂಚಿನ ಸಂದಿಯಲ್ಲಿ ಸೆಖೆ ಹೇಳದೆ ಕೇಳದೆ ಹೊರಟುಹೋಗುತ್ತದೆ. ಉಳಿದದ್ದನ್ನು ಅಟ್ಟ ತಡೆಯುತ್ತದೆ. ಮೇಲಾಗಿ ಮಧ್ಯಾಹ್ನದ ಕಡಲ ಗಾಳಿ. ರಾಯರು ಪ್ರತಿ ಬೇಸಿಗೆ ಫೋನ್ ಮಾಡುತ್ತಾರೆ: "ನಿಮ್ಮಲ್ಲಿ ಎಷ್ಟು, ಭಾವ?"

"ನಮ್ಮಲ್ಲಿ ಥರ್ಮಾಮೀಟರ್ ತೆಗೆಯುದು ಜ್ವರ ಬಂದಾಗ ಮಾತ್ರ, ಭಾವ."

ಹೋದ ಮೇ ತಿಂಗಳಲ್ಲಿ ಒಂದು ಮದುವೆಗೆಂದು ಕಾರ್ಕಳಕ್ಕೆ ಹೋದವರು ಗೊಮ್ಮಟ ಬೆಟ್ಟ ಹತ್ತಿದೆವು. ಬಂಡೆ ಬರಿಗಾಲನ್ನು ಹೆಂಚಿನ ಮೇಲಿನ ದೋಸೆ ಮಾಡುತ್ತಿತ್ತು. ರಾಯರು ಮಾತ್ರ ಕುಣಿಯುತ್ತಲೇ ತಲೆ ಎತ್ತಿ ನೋಡಿದರು. "42 ಅಡಿ! ಪಾದಕ್ಕೂ ತಲೆಗೂ ಎಷ್ಟು ಡಿಫರೆನ್ಸ್ ಇರಬಹುದು? 1432ರಿಂದ ನಿಂತಿದ್ದಾನೆ, ಮೇಲೆ ಶೀಟೂ ಇಲ್ಲ."

"ಅವನು ಎಲ್ಲ ಬಿಟ್ಟು ನಿಂತವ," ಎಂದರು ಹೆಂಡತಿ. "ನೀವು ಆ ಪುಸ್ತಕ ಒಂದಾದರೂ ಬಿಡಿ."

ಬಿಡಲಿಲ್ಲ. ಜೂನಿನಲ್ಲಿ ಮಳೆ ಹಿಡಿದ ಮೂರನೇ ದಿನ ರಾತ್ರಿ ಹನ್ನೊಂದಕ್ಕೆ ನನ್ನ ಫೋನ್ ಬಡಿದುಕೊಂಡಿತು. "ಮೇಲೆ 27, ಕೆಳಗೆ 27. ಟ್ಯಾಲಿ!" ರಾಯರ ದನಿ ಗದ್ಗದ. ಮರುದಿನ ಹೋದರೆ ಲೆಡ್ಜರಿನಲ್ಲಿ ಹೊಸ ಶೀರ್ಷಿಕೆ: 'ತೇವ'. ಕೆಳಗಿನ ಕಪಾಟಿನ ಪಂಚೆಗಳಿಗೆ ಬೂಷ್ಟು ಹಿಡಿದಿದೆ, ಮೇಲಿನವಕ್ಕೆ ಇಲ್ಲ.

ನಮ್ಮ ಕಡೆ ಮನೆ ಕಟ್ಟಿಸುವವರಿದ್ದರೆ ರಾಯರನ್ನು ಒಮ್ಮೆ ಕಂಡು ಬನ್ನಿ. ಅವರಷ್ಟು ತಪ್ಪುಗಳನ್ನು ಖರ್ಚು ಸಮೇತ ಬರೆದಿಟ್ಟವರು ಬೇರೆ ಇಲ್ಲ. ಬೇಸಿಗೆಯಾದರೆ ಬೆಳಿಗ್ಗೆ ಹತ್ತರೊಳಗೆ ಹೋಗಿ. ಊಟದ ಮೇಲೆ ಹೋದವರನ್ನು ಅವರು ಉಪ್ಪರಿಗೆಯಲ್ಲಿ ಕೂರಿಸಿಯೇ ವಿವರಿಸುತ್ತಾರೆ.