ಅರ್ಥ ಆಯ್ತಾ?

ಎಸ್ಸೆಸ್ಸೆಲ್ಸಿ ಪರೀಕ್ಷೆ ಈಗ ವರ್ಷಕ್ಕೆ ಒಂದೇ ಸಲ ಅಲ್ಲ. ಪರೀಕ್ಷೆ-1, ಪರೀಕ್ಷೆ-2 ಎಂದು ನಡೆಯುತ್ತದೆ. ‘ಸಪ್ಲಿಮೆಂಟರಿ’ ಎಂಬ ಮಾತಿಗೆ ಅಂಟಿಕೊಂಡಿದ್ದ ಅವಮಾನವನ್ನು ಇಲಾಖೆ ಹೀಗೆ ನಂಬರು ಕೊಟ್ಟು ತೊಳೆದಿದೆ, ಒಳ್ಳೆಯದೇ ಆಯಿತು. ಆದರೆ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ಸಲ ನಡೆಯುವ ಪರೀಕ್ಷೆ ಇನ್ನೊಂದಿದೆ. ಅದಕ್ಕೆ ವೇಳಾಪಟ್ಟಿ ಇಲ್ಲ, ಹಾಲ್ ಟಿಕೆಟ್ ಇಲ್ಲ, ಸಿಸಿ ಕ್ಯಾಮೆರಾ ಇಲ್ಲ. ನಲವತ್ತು ನಿಮಿಷದ ಒಂದು ಪಿರಿಯಡ್ಡಿನಲ್ಲಿ ನಾಲ್ಕಾರು ಸಲವಾದರೂ ನಡೆದೇ ತೀರುತ್ತದೆ. ಪ್ರಶ್ನೆ ಒಂದೇ: “ಅರ್ಥ ಆಯ್ತಾ?” ಉತ್ತರವೂ ಒಂದೇ: “ಆಯ್ತು ಮಿಸ್!” ಫಲಿತಾಂಶ ಯಾವತ್ತೂ ನೂರಕ್ಕೆ ನೂರು.

ಈ ಕೋರಸ್ಸನ್ನು ಸ್ವಲ್ಪ ಕಿವಿಗೊಟ್ಟು ಕೇಳಬೇಕು. ಎಲ್ಲರಿಗಿಂತ ಜೋರಾಗಿ ‘ಆಯ್ತು’ ಅನ್ನುವವರು ಹಿಂದಿನ ಬೆಂಚಿನವರು. ಬೆಲ್ಲು ಹೊಡೆಯಲು ಇನ್ನೆಷ್ಟು ನಿಮಿಷ ಎಂಬ ಲೆಕ್ಕ ಅವರ ಹತ್ತಿರ ಪಕ್ಕಾ ಇರುತ್ತದೆ. ‘ಆಗ್ಲಿಲ್ಲ’ ಅಂದರೆ ಮಿಸ್ಸು ಮತ್ತೆ ಮೊದಲಿಂದ ಶುರು ಹಚ್ಚಿಕೊಳ್ಳುತ್ತಾರೆ, ಅದಕ್ಕಿಂತ ಆಯ್ತು ಅಂದುಬಿಡುವುದು ಸರ್ವರಿಗೂ ಕ್ಷೇಮ. ನಿಜವಾಗಿ ಅರ್ಥ ಮಾಡಿಕೊಳ್ಳುತ್ತಿರುವ ಹುಡುಗಿ ಈ ಗದ್ದಲಕ್ಕೆ ಸೇರುವುದಿಲ್ಲ. ಪೆನ್ನಿನ ಕ್ಯಾಪು ಕಚ್ಚುತ್ತ ಕೂತಿರುತ್ತಾಳೆ, ಆಮೇಲೆ ನಿಧಾನಕ್ಕೆ “ಮಿಸ್, ಹಾಗಾದ್ರೆ...” ಅಂತ ಎಳೆಯುತ್ತಾಳೆ. ತರಗತಿಯಲ್ಲಿ ಯಾರಾದರೂ ‘ಹಾಗಾದ್ರೆ’ ಅಂದರೆ ಪಾಠ ಎಲ್ಲೋ ಒಂದು ಕಡೆ ಮುಟ್ಟಿದೆ ಎಂದೇ ನಾನು ತಿಳಿಯುವುದು.

ಒಮ್ಮೆ ಎಂಟನೇ ತರಗತಿಗೆ ಆದೇಶಸಂಧಿ ಮಾಡುತ್ತಿದ್ದೆ. ಉತ್ತರಪದದ ಮೊದಲಲ್ಲಿರುವ ಕ, ತ, ಪಗಳಿಗೆ ಗ, ದ, ಬಗಳು ಬರುತ್ತವೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ. ಎಲ್ಲರೂ ರಾಗವಾಗಿ ಒಪ್ಪಿಸಿದರು. ಅರ್ಥ ಆಯ್ತಾ? ಆಯ್ತು ಮಿಸ್. ಸರಿ, ಪುಸ್ತಕದಲ್ಲಿ ಇಲ್ಲದ್ದು ಒಂದೊಂದು ಹೇಳಿ ಅಂದೆ. ಪ್ರವಾಸದ ದುಡ್ಡು ತಂದಿದ್ದೀರಾ ಅಂತ ಕೇಳಿದಾಗ ಆಗುವಂಥ ನಿಶ್ಶಬ್ದ. ಕೊನೆಗೆ ಒಬ್ಬಳು ‘ಹೂದೋಟ’ ಅಂದಳು. ಶಭಾಷ್ ಎನ್ನುವಷ್ಟರಲ್ಲಿ ಹಿಂದಿನಿಂದ ಒಂದು ಧ್ವನಿ: “ತಿಪ್ಪೆಗುಂಡಿ, ಮಿಸ್!”

ಬಾ, ಬಿಡಿಸು ಅಂದೆ. ಹುಡುಗ ಬಹಳ ಗತ್ತಿನಿಂದ ಬಂದು ಸೀಮೆಸುಣ್ಣ ತಗೊಂಡ. ‘ತಿಪ್ಪೆ’ ಬರೆದ. ಕೂಡುವ ಚಿಹ್ನೆ ಹಾಕಿದ. ಇನ್ನು ನಿಯಮದ ಪ್ರಕಾರ ‘ಗ’ ತೆಗೆದು ‘ಕ’ ಹಾಕಬೇಕಲ್ಲ, ಒಂದಕ್ಷರ ಬರೆದವನು ಅಲ್ಲೇ ನಿಂತ. ಕಿವಿ ಕೆಂಪಾಯಿತು. ಒಂದು ಕ್ಷಣ ಬಿಟ್ಟು ಇಡೀ ತರಗತಿ ಹೋ ಎಂದು ನಕ್ಕಿತು. ಮುಂದಿನದನ್ನು ಓದುಗರೇ ಬಿಡಿಸಿಕೊಳ್ಳಬೇಕು. ನಕ್ಕಿರಾದರೆ ನೀವೂ ಪಾಸು.

ಆ ನಗೆಯಷ್ಟು ಪಕ್ಕಾ ಮೌಲ್ಯಮಾಪನವನ್ನು ನಾನು ಆ ವರ್ಷ ಬೇರೆ ಮಾಡಲಿಲ್ಲ. ಯಾಕೆಂದರೆ ಸಂಧಿ ಬಿಡಿಸದೆ ನಗಲು ಬರುವುದಿಲ್ಲ. ಮೂವರು ಮಾತ್ರ ತಡವಾಗಿ, ಪಕ್ಕದವರ ಮುಖ ನೋಡಿ ನಕ್ಕರು. ನಾಳೆ ಯಾರ ಹತ್ತಿರ ಕೂರಬೇಕು ಅನ್ನುವುದು ಅಲ್ಲೇ ಗೊತ್ತಾಯಿತು. ಇನ್ನು ಬೋರ್ಡಿನ ಹತ್ತಿರ ನಿಂತವನು ತನ್ನಷ್ಟಕ್ಕೆ ಒಂದು ನಿಯಮ ಮಾಡಿಕೊಂಡಿದ್ದ: ಪದದ ನಡುವೆ ‘ಗ’ ಕಂಡರೆ ಆದೇಶಸಂಧಿ. ಅದೇ ನಿಯಮ ಇಟ್ಟುಕೊಂಡು ಅವನು ‘ಮಳೆಗಾಲ’ಕ್ಕೆ ಪೂರ್ತಿ ಅಂಕ ತೆಗೆಯುತ್ತಿದ್ದ, ನಾನೂ ಕೆಂಪು ಶಾಯಿಯಲ್ಲಿ ಗುಡ್ ಅಂತ ಬರೆಯುತ್ತಿದ್ದೆ. ತಿಪ್ಪೆಗುಂಡಿ ಇಲ್ಲದಿದ್ದರೆ ಅವನ ತಲೆಯಲ್ಲಿರುವುದು ನನಗೆ ತಿಳಿಯುತ್ತಲೇ ಇರಲಿಲ್ಲ.

ಸಾಯಂಕಾಲ ಇದನ್ನು ದಾಖಲಿಸಲು ವಹಿ ತೆಗೆದರೆ ಅಲ್ಲಿ ಜಾಗವಿಲ್ಲ. ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಎರಡು ಸಂಕಲನಾತ್ಮಕ. ಶಾಲೆಯಲ್ಲಿ ಯಾರೂ ಅಷ್ಟುದ್ದ ಹೇಳುವುದಿಲ್ಲ. ಎಫ್‌ಎ ಒನ್ನು, ಎಫ್‌ಎ ಟೂ, ಎಸ್‌ಎ ಒನ್ನು. ಮಕ್ಕಳ ಚಟುವಟಿಕೆಗೆ ಅಂಕ, ಕಿರುಪರೀಕ್ಷೆಗೆ ಅಂಕ, ಆಮೇಲೆ ಅವನ್ನು ಕೂಡಿಸಿ, ಭಾಗಿಸಿ, ಇಳಿಸಿ, ಗ್ರೇಡು ಮಾಡಿ, ಆನ್‌ಲೈನಿಗೆ ಏರಿಸಬೇಕು. ಸರ್ವರ್ ಡೌನ್ ಇದ್ದರೆ ರಾತ್ರಿ ಹನ್ನೊಂದಕ್ಕೆ ಎದ್ದು ಏರಿಸಬೇಕು. ‘ತಡವಾಗಿ ನಕ್ಕವರು: ಮೂವರು’ ಎಂದು ಎಲ್ಲಿ ಬರೆಯುವುದು?

ತರಬೇತಿಯಲ್ಲಿ ರೂಪಣಾತ್ಮಕಕ್ಕೂ ಸಂಕಲನಾತ್ಮಕಕ್ಕೂ ವ್ಯತ್ಯಾಸ ಹೇಳಲು ರಾಬರ್ಟ್ ಸ್ಟೇಕ್ ಎಂಬ ಅಮೆರಿಕದ ವಿದ್ವಾಂಸರ ಉದಾಹರಣೆ ಕೊಡುವುದುಂಟು. ಅಡುಗೆಯವರು ಸೂಪಿನ ರುಚಿ ನೋಡಿದರೆ ಮೊದಲನೆಯದು, ಊಟಕ್ಕೆ ಬಂದವರು ನೋಡಿದರೆ ಎರಡನೆಯದು. ಬಿಸಿಯೂಟದ ಶಾಲೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಕ್ಕಳಿಗೆ ಬಡಿಸುವ ಮುಂಚೆ ಶಿಕ್ಷಕರು ರುಚಿ ನೋಡಬೇಕೆಂಬ ನಿಯಮವಿದೆ, ನೋಡಿ ಸಹಿ ಹಾಕಲು ಒಂದು ವಹಿಯೂ ಇದೆ. ನಮ್ಮ ಅಡುಗೆಯಕ್ಕ ಮಾತ್ರ ಆ ವಹಿಯನ್ನು ತೆರೆದು ನೋಡಿದವರಲ್ಲ. “ಸಾರು ಸ್ವಲ್ಪ ಸಪ್ಪೆ ಅಕ್ಕಾ” ಅನ್ನುವುದರೊಳಗೆ ಉಪ್ಪು ಬಿದ್ದಿರುತ್ತದೆ. ನಾವು ಎಫ್‌ಎ ಒಂದರಲ್ಲಿ ಸಪ್ಪೆ ಎಂದು ಬರೆದು, ಎಫ್‌ಎ ಎರಡರಲ್ಲಿ ಸಪ್ಪೆ ಎಂದು ಬರೆದು, ನಾಲ್ಕನ್ನೂ ಕೂಡಿಸಿ ಸರಾಸರಿ ಸಪ್ಪೆ ಎಷ್ಟೆಂದು ಅಪ್‌ಲೋಡ್ ಮಾಡುತ್ತೇವೆ.

ಗ್ರೇಡಿನ ವಿಷಯ ಬಂದಿತು. ತೊಂಬತ್ತರಿಂದ ಮೇಲೆ ಎ ಪ್ಲಸ್, ಎಪ್ಪತ್ತರಿಂದ ಎ, ಐವತ್ತರಿಂದ ಬಿ ಪ್ಲಸ್, ಮೂವತ್ತರಿಂದ ಬಿ, ಅದರ ಕೆಳಗೆ ಸಿ. ಮಗುವಿಗೆ ‘ಫೇಲು’ ಅನ್ನಿಸಬಾರದೆಂಬ ಸದುದ್ದೇಶ ಇದರ ಹಿಂದಿದೆ. ಪೋಷಕರ ಸಭೆಯಲ್ಲಿ ಒಬ್ಬ ಯಜಮಾನರ ಕೈಗೆ ಮಗಳ ಪ್ರಗತಿಪತ್ರ ಕೊಟ್ಟು, ಬಿ ಪ್ಲಸ್ ಬಂದಿದೆ, ಇನ್ನೂ ಸುಧಾರಿಸಬೇಕು ಅಂದೆ. ಅವರು ಸಮಾಧಾನದಿಂದ, “ನಮ್ಮನೇಲಿ ಎಲ್ಲರದ್ದೂ ಬಿ ಪ್ಲಸ್ಸೇ ಮೇಡಂ, ಇವಳದೊಂದು ಎಲ್ಲಿ ಬದಲಾಗುತ್ತೆ” ಅಂದರು. ಆಸ್ಪತ್ರೆಯ ಚೀಟಿಗೂ ಶಾಲೆಯ ಚೀಟಿಗೂ ವ್ಯತ್ಯಾಸ ತಿಳಿಯದಿದ್ದರೆ ತಪ್ಪು ಅವರದಲ್ಲ.

ಹತ್ತನೇ ತರಗತಿಗೆ ಬಂದರೆ ಅಂಕವೇ ಅಂಕ. ಒಟ್ಟು 625. ಪ್ರಥಮ ಭಾಷೆಯ 125ರಲ್ಲಿ 25 ಶಾಲೆಯ ಕೈಯಲ್ಲಿ, ಉಳಿದ ವಿಷಯಗಳಲ್ಲಿ 20. ಈ ಆಂತರಿಕ ಅಂಕದಲ್ಲಿ ಕಡಿಮೆ ಪಡೆದ ಮಗುವನ್ನು ಹುಡುಕಬೇಕಾದರೆ ದೀಪ ಹಿಡಿಯಬೇಕು. ಪಾಪ, ಅದರ ಭವಿಷ್ಯಕ್ಕೆ ನಾವ್ಯಾಕೆ ಅಡ್ಡ ಬರಬೇಕು ಅನ್ನುವ ಕರುಣೆ ರಾಜ್ಯದ ಸ್ಟಾಫ್‌ರೂಮುಗಳಲ್ಲೆಲ್ಲ ಧಾರಾಳವಾಗಿದೆ. ವರ್ಷವಿಡೀ ಮಗುವನ್ನು ನೋಡಿದವರು ಕೊಟ್ಟ ಅಂಕಕ್ಕೆ ಬೆಲೆಯಿಲ್ಲ. ಯಾರೆಂದೇ ತಿಳಿಯದವರು ಕೆಲವೇ ನಿಮಿಷದಲ್ಲಿ ಕೊಟ್ಟದ್ದಕ್ಕೆ ಮಾತ್ರ ಬೆಲೆ ಎಂಬಂತಾಗಿದೆ.

ಆ ಯಾರೋ ಒಬ್ಬರು ನಾನೂ ಆಗಿದ್ದೇನೆ. ಮೌಲ್ಯಮಾಪನ ಕೇಂದ್ರದಲ್ಲಿ ‘ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ’ ಪ್ರಶ್ನೆಗೆ ಬಂದಾಗ ಕೈ ತಾನಾಗಿ ಓಡುತ್ತದೆ. ಆಯ್ಕೆ ಬರೆದಿದ್ದಾರೆ, ಸಂದರ್ಭ ಬರೆದಿದ್ದಾರೆ. ಸ್ವಾರಸ್ಯ? ‘ಈ ಮಾತು ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ.’ ಮುಂದಿನ ಪತ್ರಿಕೆ: ‘ಲೇಖಕರು ಇಲ್ಲಿ ಸ್ವಾರಸ್ಯಪೂರ್ಣವಾಗಿ ವರ್ಣಿಸಿದ್ದಾರೆ.’ ಯಾವ ಪಾಠಕ್ಕಾದರೂ ಸರಿಹೊಂದುವ ಸ್ವಾರಸ್ಯ. ಎಲ್ಲಿಂದ ಕಲಿತರು? ನಮ್ಮಿಂದಲೇ. ಬಂಡಲಿನಲ್ಲಿ ಎಲ್ಲೋ ಒಂದು ಮಗು ಆ ಮಾತು ತನಗೆ ಯಾಕೆ ಹಿಡಿಸಲಿಲ್ಲ ಎಂದು ನಾಲ್ಕು ಸಾಲು ಬರೆದಿದ್ದರೆ ಕೀ ಉತ್ತರ ಹಿಡಿದವರಿಗೆ ಪೀಕಲಾಟ, ಅದನ್ನು ಎತ್ತಿಕೊಂಡು ಉಪಮುಖ್ಯ ಮೌಲ್ಯಮಾಪಕರ ಮೇಜಿಗೆ ಹೋಗಬೇಕು.

ತಿದ್ದುವವರ ಕೈಗಳು ಒಂದೇ ಥರ ಇರುವುದಿಲ್ಲವೆಂಬುದು ಹಳೆಯ ಸಂಗತಿ. 1912ರಲ್ಲಿ ಅಮೆರಿಕದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬಿಬ್ಬರು ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯನ್ನು ನೂರಕ್ಕೂ ಹೆಚ್ಚು ಹೈಸ್ಕೂಲ್ ಶಿಕ್ಷಕರಿಂದ ತಿದ್ದಿಸಿದರು. ಅರವತ್ತರ ಆಸುಪಾಸಿನಿಂದ ತೊಂಬತ್ತರ ಮೇಲಿನವರೆಗೂ ಅಂಕ ಬಂತು. ಭಾಷೆಯವರ ಹಣೆಬರಹ ಅಷ್ಟೇ ಎಂದು ನಮ್ಮ ಗಣಿತದ ಮೇಷ್ಟ್ರು ಇದನ್ನು ಕೇಳಿ ಬಹಳ ಖುಷಿಪಟ್ಟರು. ಮರುವರ್ಷ ಅದೇ ಇಬ್ಬರು ರೇಖಾಗಣಿತದ ಪತ್ರಿಕೆಯನ್ನು ಹೀಗೇ ಹಂಚಿದರು, ಅಂಕಗಳು ಮೂವತ್ತರ ಒಳಗಿನಿಂದ ತೊಂಬತ್ತು ದಾಟುವವರೆಗೆ ಹರಡಿದವು ಎಂದ ಮೇಲೆ ಮೇಷ್ಟ್ರು ಚಹಾ ಕುಡಿಯಲು ಎದ್ದರು.

ಇಷ್ಟಾದರೂ ಪರೀಕ್ಷೆಯ ಮೇಲಿನ ನಮ್ಮ ಭಕ್ತಿ ಕಡಿಮೆಯಾಗಿಲ್ಲ. ಎಂಟನೇ ತರಗತಿ ಮುಗಿಯುವವರೆಗೆ ಬೋರ್ಡ್ ಪರೀಕ್ಷೆ ಬೇಡ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. 2023ರಲ್ಲಿ ನಮ್ಮಲ್ಲಿ 5 ಮತ್ತು 8ನೇ ತರಗತಿಗೆ ‘ಮೌಲ್ಯಾಂಕನ’ ಎಂಬ ಹೆಸರಿನಲ್ಲಿ ರಾಜ್ಯಮಟ್ಟದ ಪರೀಕ್ಷೆ ಬಂತು. ವ್ಯಾಜ್ಯ ಹೈಕೋರ್ಟಿಗೆ ಹೋಗಿ, 2024ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಮುಟ್ಟಿತು. ಹತ್ತು ವರ್ಷದ ಮಗುವಿಗೆ ಭಿನ್ನರಾಶಿ ಬರುತ್ತದೋ ಇಲ್ಲವೋ ತಿಳಿಯಲು ದಿಲ್ಲಿಯವರೆಗೆ ಹೋದ ರಾಜ್ಯ ನಮ್ಮದು. ಅದರ ಕ್ಲಾಸ್ ಮಿಸ್ಸನ್ನು ಕೇಳಿದ್ದರೆ ಸಾಕಾಗುತ್ತಿತ್ತು, ಯಾರೂ ಕೇಳಲಿಲ್ಲ.

ಪರೀಕ್ಷೆಯೇ ಬೇಡ ಎನ್ನುವವಳು ನಾನಲ್ಲ. ಊರು ಬಿಟ್ಟು ಮುಂದೆ ಓದಲು ಹೋಗುವ ಮಗುವಿನ ಕೈಯಲ್ಲಿ ಎಲ್ಲರೂ ಒಪ್ಪುವ ಒಂದು ಕಾಗದ ಇರಲೇಬೇಕು, ಅದಕ್ಕೆ ಹತ್ತನೆಯದು ಇದೆ. ಅದಕ್ಕಿಂತ ಕೆಳಗಿನ ತರಗತಿಗಳಲ್ಲಿ ಅಂಕ ಬೇಕಾಗಿರುವುದು ಮಗುವಿಗಲ್ಲ, ಕಚೇರಿಗೆ. ಆದ್ದರಿಂದ ಇಲಾಖೆಯ ದೊಡ್ಡವರಲ್ಲಿ ಒಂದು ಅರಿಕೆ. ವಹಿಯಿಂದ ನಾಲ್ಕು ಕಾಲಂ ತೆಗೆಸಿ, ‘ಮತ್ತೆ ಕಲಿಸಿದ್ದು ಏನು, ಯಾರಿಗೆ’ ಎಂಬ ಒಂದು ಕಾಲಂ ಹಾಕಿಸಿ. ತಿಪ್ಪೆಗುಂಡಿಯನ್ನು ಅಲ್ಲಿ ಬರೆಯುತ್ತೇನೆ. ಹಾಕಿಸುವಾಗ ದಯವಿಟ್ಟು ಅದಕ್ಕೂ 15 ಅಂಕ ಎಂದು ಮಾತ್ರ ನಿಗದಿ ಮಾಡಬೇಡಿ.