ಪಟ್ಟಿಶಾಸ್ತ್ರಿಗಳು

ಬೆಂಗಳೂರು, ಮೈಸೂರುಗಳ ಹವ್ಯಾಸಿ ಛಾಯಾಗ್ರಾಹಕರನ್ನು ಅವರು ತೆಗೆಯುವ ಚಿತ್ರಗಳಿಂದ ಗುರುತಿಸುವುದು ವಾಡಿಕೆಯಾಗಿದ್ದು, ಹಕ್ಕಿಯವರು, ಹುಲಿಯವರು, ಹೂವಿನವರು, ಗುಡಿಗೋಪುರದವರು ಎಂಬ ಪಂಗಡಗಳು ಎಲ್ಲರಿಗೂ ಪರಿಚಿತವಾಗಿವೆ. ಈ ಯಾವ ಪಂಗಡಕ್ಕೂ ಸೇರದೆ, ಆದರೆ ಎಲ್ಲ ಪಂಗಡಗಳ ಪ್ರವಾಸಗಳಲ್ಲೂ ತಪ್ಪದೆ ಕಾಣಿಸಿಕೊಳ್ಳುವ ಇನ್ನೊಂದು ವರ್ಗವಿದೆ. ಕ್ಯಾಮೆರಾದಲ್ಲಿ ಏನನ್ನು ಹಿಡಿಯಬೇಕು ಎಂಬುದಕ್ಕಿಂತ ಕ್ಯಾಮೆರಾವನ್ನು ಯಾವುದರಿಂದ ತೂಗುಹಾಕಬೇಕು ಎಂಬುದೇ ಈ ವರ್ಗದವರನ್ನು ಕಾಡುವ ಪ್ರಶ್ನೆ. ಅಂಗಡಿಯವರು ಬೆಲ್ಟ್ ಎಂದೂ ಕಂಪನಿಯ ಕೈಪಿಡಿಗಳು ಸ್ಟ್ರ್ಯಾಪ್ ಎಂದೂ ಕರೆಯುವ ಪಟ್ಟಿಯೇ ಇವರ ಅಧ್ಯಯನದ ವಸ್ತುವಾದುದರಿಂದ, ಇವರನ್ನು ಪಟ್ಟಿಶಾಸ್ತ್ರಿಗಳೆಂದು ಕರೆದರೆ ತಪ್ಪಾಗಲಾರದು. ಬೆಲ್ಟ್ ಎಂದವರನ್ನು ಶಾಸ್ತ್ರಿಗಳು ಆ ಕ್ಷಣವೇ ತಿದ್ದುತ್ತಾರೆ. ಬೆಲ್ಟು ಪ್ಯಾಂಟಿಗೆ, ಸ್ಟ್ರ್ಯಾಪು ಕ್ಯಾಮೆರಾಕ್ಕೆ ಎಂಬುದು ಅವರ ಪ್ರಥಮ ಸೂತ್ರ.

ಶಾಸ್ತ್ರಿಗಳ ವರ್ಗೀಕರಣಕ್ಕೆ ಜನಿವಾರವೇ ಒಳ್ಳೆಯ ಮಾದರಿಯಾದೀತು. ಜನಿವಾರವನ್ನು ಮಾಲೆಯಂತೆ ಕೊರಳಿನಿಂದ ಎದೆಯ ಮೇಲೆ ಇಳಿಬಿಟ್ಟರೆ ಅದು ನಿವೀತಿ, ಎಡ ಹೆಗಲಿನಿಂದ ಬಲ ಕಂಕುಳ ಕೆಳಗೆ ಹಾಯಿಸಿದರೆ ಉಪವೀತಿ, ಬಲ ಹೆಗಲಿನಿಂದ ಎಡಕ್ಕೆ ಹಾಯಿಸಿದರೆ ಪ್ರಾಚೀನಾವೀತಿ. ಕ್ಯಾಮೆರಾದ ಡಬ್ಬಿಯಲ್ಲೇ ಬರುವ, ಕಂಪನಿಯ ಹೆಸರನ್ನು ದಪ್ಪಕ್ಷರಗಳಲ್ಲಿ ಹೊತ್ತ ಕೊರಳಪಟ್ಟಿ ನಿವೀತಿಗೆ ಸೇರುತ್ತದೆ. ಕ್ಯಾಮೆರಾವನ್ನು ಹೊಟ್ಟೆಯ ಮೇಲೆ ಡೋಲಿನಂತೆ ಕುಣಿಸುವ ಈ ಪಟ್ಟಿಯನ್ನು ಶಾಸ್ತ್ರಿಗಳು ಪ್ರವಾಸಿಗರ ಲಕ್ಷಣವೆಂದು ತಿರಸ್ಕರಿಸುತ್ತಾರಾದರೂ, ಅದರ ಹೆಸರಿನ ಮೇಲೆ ಕಪ್ಪು ಇನ್ಸುಲೇಷನ್ ಟೇಪು ಸುತ್ತಿ, ಕಳ್ಳರ ಕಣ್ಣಿಗೆ ಬೀಳದಂತೆ ಮಾಡಿ, ಜೋಪಾನವಾಗಿ ಎತ್ತಿಟ್ಟಿರುತ್ತಾರೆ. ಮೈಗೆ ಅಡ್ಡಲಾಗಿ ತೊಡುವ ಓರೆಪಟ್ಟಿ, ಅಂದರೆ ಸ್ಲಿಂಗ್, ಉಪವೀತಿ. ಶಟರ್ ಗುಂಡಿ ಕ್ಯಾಮೆರಾದ ಬಲಬದಿಗಿರುವುದರಿಂದ, ಬಲ ಸೊಂಟದ ಬಳಿ ತೂಗುವ ಕ್ಯಾಮೆರಾ ಬಲಗೈಗೆ ಸಹಜವಾಗಿಯೇ ದಕ್ಕುತ್ತದೆ. ಪ್ರಾಚೀನಾವೀತಿಯನ್ನು ಶಾಸ್ತ್ರಿಗಳು ಒಪ್ಪುವುದಿಲ್ಲ. ಹಾಗೆ ತೊಟ್ಟು ತೆಗೆದ ಚಿತ್ರಗಳಿಂದ ಪಿತೃಗಳಿಗಷ್ಟೇ ತೃಪ್ತಿಯಾದೀತು ಎಂಬುದು ಅವರ ಮತ.

ಈ ಶಾಸ್ತ್ರ ಹುಟ್ಟಿದ್ದು ಬರಿಯ ಚಪಲದಿಂದಲ್ಲ, ಕತ್ತುನೋವಿನಿಂದ ಎಂಬುದನ್ನೂ ಹೇಳಬೇಕು. ನಿಕಾನ್ ಡಿ850 ಕ್ಯಾಮೆರಾ ಬ್ಯಾಟರಿ ಮತ್ತು ಕಾರ್ಡು ಸೇರಿ 1005 ಗ್ರಾಂ ತೂಗುತ್ತದೆ. ಅದಕ್ಕೆ ಅದೇ ಕಂಪನಿಯ 200-500 ಮಿ.ಮೀ. ಲೆನ್ಸನ್ನು ಜೋಡಿಸಿದರೆ ಸುಮಾರು 2300 ಗ್ರಾಂ ಕೂಡಿಕೊಂಡು, ಮೂರು ಕಿಲೋ ಈರುಳ್ಳಿಗಿಂತ ಹೆಚ್ಚಿನ ಭಾರ ಒಂದು ಬೆರಳಗಲದ ಪಟ್ಟಿಯ ಮೂಲಕ ಕುತ್ತಿಗೆಯ ಮೂಳೆಗೆ ಇಳಿಯುತ್ತದೆ. ಇಂಥ ಉದ್ದ ಲೆನ್ಸು ಹಾಕಿದಾಗ ಪಟ್ಟಿಯನ್ನು ಕ್ಯಾಮೆರಾದ ಕಿವಿಗಳಿಗಲ್ಲ, ಲೆನ್ಸಿನ ಪಾದಕ್ಕೆ, ಅಂದರೆ ಅದನ್ನು ಟ್ರೈಪಾಡಿಗೆ ಕೂರಿಸಲು ಕೊಟ್ಟಿರುವ ಲೋಹದ ಕಾಲಿಗೆ, ಕಟ್ಟಬೇಕು. ಇಲ್ಲವಾದರೆ ಲೆನ್ಸಿನ ಭಾರವೆಲ್ಲ ಅದು ಕ್ಯಾಮೆರಾಕ್ಕೆ ಕೂಡುವ ಬಳೆಯ ಮೇಲೆ ಜಗ್ಗುತ್ತದೆ. ಈ ವಿಷಯದಲ್ಲಿ ಶಾಸ್ತ್ರಿಗಳ ಮಾತು ನೂರಕ್ಕೆ ನೂರು ಸರಿ. ಆದರೆ ಅದನ್ನು ಅವರು ರಂಗನತಿಟ್ಟಿನ ದೋಣಿಯಲ್ಲಿ, ಪಕ್ಕದವನ ಲೆನ್ಸಿನ ಎದುರೇ ಕೊಕ್ಕರೆಯೊಂದು ಮರಿಗೆ ಗುಟುಕು ಕೊಡುತ್ತಿರುವ ಹೊತ್ತಿನಲ್ಲಿ, ಅವನ ತೋಳು ಹಿಡಿದು ವಿವರಿಸುತ್ತಾರೆ.

ಅವರ ಬ್ಯಾಗಿನಲ್ಲಿ ಕ್ಯಾಮೆರಾ ಒಂದೇ, ಪಟ್ಟಿಗಳು ಒಂಬತ್ತು. ಮಂಚದ ನವಾರಿನ ಜಾತಿಯ ನೈಲಾನ್ ಪಟ್ಟಿ ಜಗ್ಗುವುದಿಲ್ಲ, ಆದರೆ ಬೇಸಿಗೆಯಲ್ಲಿ ಕೊರಳನ್ನು ಉಜ್ಜುತ್ತದೆ. ಮೆತ್ತನೆಯ ರಬ್ಬರಿನಂಥ ನಿಯೋಪ್ರೀನ್ ಪಟ್ಟಿ ಕೊರಳಿಗೆ ಹಿತವಾದರೂ, ಹಿಗ್ಗುವ ಗುಣದಿಂದಾಗಿ ಹೆಜ್ಜೆಗೊಮ್ಮೆ ಕ್ಯಾಮೆರಾವನ್ನು ಕುಪ್ಪಳಿಸುತ್ತದೆ. ಚರ್ಮದ ಪಟ್ಟಿ ನೋಡಲು ಚೆಂದ, ಆಗುಂಬೆಯ ಮಳೆಗೆ ಮಾತ್ರ ಬೂಷ್ಟು ಹಿಡಿಯುತ್ತದೆ. ಸಣ್ಣ ಕ್ಯಾಮೆರಾ ಹಿಡಿದು ಮಲ್ಲೇಶ್ವರದ ಮಾರುಕಟ್ಟೆಯಲ್ಲಿ ಅಲೆಯುವವರಿಗೆ ಮಣಿಕಟ್ಟಿನ ಕುಣಿಕೆ ಸಾಕು; ಶಾಸ್ತ್ರಿಗಳು ಅದನ್ನೂ ಒಯ್ಯುತ್ತಾರೆ, ಅದು ಸಾಲದಾದರೆ ಇರಲಿ ಎಂದು ಓರೆಪಟ್ಟಿಯನ್ನೂ ಒಯ್ಯುತ್ತಾರೆ, ಎರಡೂ ಸೇರಿ ಬಾಳೆದಿಂಡಿನ ನಾರಿನಂತೆ ಸುತ್ತಿಕೊಂಡಾಗ ಹೂವಿನ ಅಂಗಡಿಯ ಮುಂದೆ ನಿಂತು ಬಿಡಿಸುತ್ತಾರೆ.

ಪ್ರಸಂಗಕ್ಕೆ ತಕ್ಕ ಪಟ್ಟಿ ಎಂಬುದು ಅವರ ಸಿದ್ಧಾಂತ. ಪ್ರಸಂಗಗಳು ಕಾಯುವುದಿಲ್ಲ ಎಂಬುದು ಅವರ ಸಂಕಟ. ಹಂಪಿಯ ಮಾತಂಗ ಬೆಟ್ಟದ ಮೇಲೆ ಬೆಳಗಿನ ಗಾಳಿಗೆ ಇಳಿಬಿದ್ದ ಪಟ್ಟಿ ಬಾವುಟದಂತೆ ಪಟಪಟನೆ ಬಡಿದು ಟ್ರೈಪಾಡನ್ನೇ ನಡುಗಿಸುತ್ತದೆ; ಮಂದ ಬೆಳಕಿನಲ್ಲಿ ಶಟರು ಹೆಚ್ಚು ಹೊತ್ತು ತೆರೆದಿರುವುದರಿಂದ ಆ ನಡುಕ ಚಿತ್ರದಲ್ಲಿ ಕಲೆಸಿದ ಬಣ್ಣವಾಗಿ ಮೂಡುತ್ತದೆ. ಆದ್ದರಿಂದ ಟ್ರೈಪಾಡಿನ ಮೇಲೆ ಪಟ್ಟಿ ಇರಕೂಡದೆಂಬ ನಿಯಮಕ್ಕೆ ತಲೆಬಾಗಿ ಶಾಸ್ತ್ರಿಗಳು ಬಕಲು ಸಡಿಲಿಸತೊಡಗುತ್ತಾರೆ, ಹಾಗೂ ಎರಡನೆಯ ಬಕಲು ಬಿಚ್ಚುವ ವೇಳೆಗೆ ಸೂರ್ಯ ಆಳೆತ್ತರ ಏರಿರುತ್ತಾನೆ. ಕಬಿನಿಯ ಸಫಾರಿ ಜೀಪಿನಲ್ಲಿ ಕಂಬಿಯ ಮೇಲೆ ಕಾಳುತುಂಬಿದ ಚೀಲವಿಟ್ಟು, ಅದರ ಮೇಲೆ ಲೆನ್ಸನ್ನು ಒರಗಿಸುವುದೇ ಉತ್ತಮವೆಂದು ಬಲ್ಲವರೆಲ್ಲ ಹೇಳುತ್ತಾರೆ. ಶಾಸ್ತ್ರಿಗಳೂ ಹಾಗೆಯೇ ಹೇಳುತ್ತಾರೆ. ಹುಲಿ ದಾರಿ ದಾಟುವ ಎಂಟು ಸೆಕೆಂಡುಗಳಲ್ಲಿ ಮಾತ್ರ ಅವರ ಕ್ಯಾಮೆರಾದ ಪಟ್ಟಿ ದುರ್ಬೀನಿನ ಪಟ್ಟಿಯೊಡನೆ ಹೆಣೆದುಕೊಂಡು, ಎರಡೂ ಕೂಡಿ ಸೀಟಿನ ಹಿಡಿಗೆ ಸಿಕ್ಕಿಕೊಂಡಿರುತ್ತವೆ.

ಆದರೂ ಶಾಸ್ತ್ರಿಗಳನ್ನು ಸುಮ್ಮನೆ ನಗೆಪಾಟಲಿಗೀಡು ಮಾಡುವುದು ನ್ಯಾಯವಲ್ಲ. ಟ್ರೈಪಾಡಿಗೆ ಅನುಮತಿ ಪಡೆಯಬೇಕಾದ ಬಾದಾಮಿಯ ಗುಹೆಗಳಲ್ಲಿ ಅವರು ಎಲ್ಲರೂ ಹೀಗಳೆಯುವ ಹಳೆಯ ಕೊರಳಪಟ್ಟಿಯನ್ನೇ ಮೋಟು ಮಾಡಿ ಕಟ್ಟಿ, ಕ್ಯಾಮೆರಾವನ್ನು ಮುಂದಕ್ಕೆ ತಳ್ಳಿ, ಪಟ್ಟಿ ಕತ್ತಿನ ಹಿಂದೆ ತಂತಿಯಂತೆ ಬಿಗಿಯಾಗುವಂತೆ ಮಾಡಿ, ಉಸಿರು ಹಿಡಿದು ಗುಂಡಿ ಒತ್ತುತ್ತಾರೆ. ಎರಡು ಕೈ, ಒಂದು ಕತ್ತು ಸೇರಿ ಮೂರು ಕಾಲಿನ ಕೆಲಸ ಮಾಡುವುದರಿಂದ, ಸೆಕೆಂಡಿನ ಹದಿನೈದನೆಯ ಒಂದು ಭಾಗದಷ್ಟು ನಿಧಾನದ ಶಟರಿನಲ್ಲೂ ವಿಷ್ಣುವಿನ ಮೂರ್ತಿ ಸ್ಪಷ್ಟವಾಗಿ ಬರುತ್ತದೆ. ಅವರ ಬಳಿ ಇರುವ ಕೆಲವೇ ಒಳ್ಳೆಯ ಚಿತ್ರಗಳಲ್ಲಿ ಅದೂ ಒಂದು. ಕೇಳಿದವರಿಗೆ ಅವರು ತೋರಿಸುವುದು ಮೂರ್ತಿಯನ್ನಲ್ಲ, ಕತ್ತಿನ ಮೇಲಿನ ಬರೆಯನ್ನು.

ಅಂಗಡಿಯ ಪಟ್ಟಿ ಯಾವುದೂ ಅವರಿಗೆ ಹಾಗೆಯೇ ಒಗ್ಗುವುದಿಲ್ಲ. ಒಂದನ್ನು ಬ್ಯಾಗು ಹೊಲಿಯುವವನ ಬಳಿ ಕೊಂಡೊಯ್ದು ಎರಡು ಗೇಣು ಕತ್ತರಿಸಿ, ಇನ್ನೊಂದಕ್ಕೆ ಅದೇ ಎರಡು ಗೇಣನ್ನು ಸೇರಿಸಿ ಹೊಲಿಸುತ್ತಾರೆ. ಮನೆಯಲ್ಲಿ ಬೀರುವಿನ ಹಿಂಬದಿಗೆ ಸಾಲಾಗಿ ತೂಗುವ ಈ ಸಂಗ್ರಹವನ್ನು ಕಂಡು ಮನೆಯಾಕೆ, "ರೀ, ಇಷ್ಟು ಹಗ್ಗ ಇಟ್ಕೊಂಡು ಒಂದು ಹಸು ಇಲ್ವಲ್ಲ" ಎಂದದ್ದುಂಟು. ಶಾಸ್ತ್ರಿಗಳು ಹಗ್ಗವಲ್ಲ, ಸ್ಟ್ರ್ಯಾಪ್ ಎಂದು ತಿದ್ದಿದರು.

ಅವರ ವಿದ್ಯೆಗೆ ನಿಜವಾದ ಬೆಲೆ ಬರುವುದು ಮದುವೆಮನೆಯಲ್ಲಿ. ಅಲ್ಲಿಗೆ ಗೊತ್ತುಮಾಡಿದ ಛಾಯಾಗ್ರಾಹಕ ಎರಡು ಹೆಗಲಿಗೂ ನೊಗ ಹೊತ್ತಂತೆ ಜೋಡಿಪಟ್ಟಿ ತೊಟ್ಟು, ಎರಡು ಸೊಂಟಕ್ಕೆ ಎರಡು ಕ್ಯಾಮೆರಾ ತೂಗಿಬಿಟ್ಟು, ಧಾರೆಯ ಹೊತ್ತಿಗೆ ಬಗ್ಗಿದಾಗಲೆಲ್ಲ ಆರತಿತಟ್ಟೆಗೆ ಒಂದು ಕ್ಯಾಮೆರಾವನ್ನು ತಾಗಿಸುತ್ತಿರುತ್ತಾನೆ. ಇಂಥ ಪಟ್ಟಿಗಳು ಕ್ಯಾಮೆರಾದ ತಳದ ತೂತಿಗೆ ಕೂರುವ ಕಾಲಿಂಚಿನ ತಿರುಪನ್ನು ನಂಬಿದ್ದು, ನಡಿಗೆಯ ತೂಗಾಟದಲ್ಲಿ ಆ ತಿರುಪು ಎಳೆಯೆಳೆಯಾಗಿ ಸಡಿಲವಾಗುತ್ತ ಹೋಗುತ್ತದೆ. ಊಟದ ಪಂಕ್ತಿಯಿಂದ, ಹೋಳಿಗೆಗೆ ತುಪ್ಪ ಬೀಳುವ ಮುನ್ನವೇ, ಅದನ್ನು ಗಮನಿಸಿದ ಶಾಸ್ತ್ರಿಗಳು ಎಂಜಲು ಕೈಯನ್ನು ಹಿಂದಕ್ಕೆ ಹಿಡಿದು ಓಡಿಬಂದು, ಎಡಗೈಯಲ್ಲೇ ರೂಪಾಯಿ ನಾಣ್ಯವನ್ನು ಸೀಳಿಗೆ ತೂರಿಸಿ ಬಿಗಿ ಮಾಡುತ್ತಾರೆ. ಆಮೇಲೆ ತೆಗೆದ ಗುಂಪುಚಿತ್ರದಲ್ಲಿ ವಧೂವರರಿಂದ ಹಿಡಿದು ಕೂಸುಗಳವರೆಗೆ ಎಲ್ಲರೂ ಲೆನ್ಸನ್ನು ನೋಡುತ್ತಿದ್ದರೆ, ಬಲತುದಿಯಲ್ಲಿ ನಿಂತ ಒಬ್ಬರ ದೃಷ್ಟಿ ಮಾತ್ರ ಅದಕ್ಕಿಂತ ಗೇಣು ಕೆಳಗೆ, ಆ ತಿರುಪಿನ ಮೇಲೆ ನೆಟ್ಟಿರುತ್ತದೆ.